ಆರು ದಿನ ಮಿಕ್ಕಿದೆ ಅಂದ್ರಾ? ಇನ್ನೊಮ್ಮೆ ಎಣಿಸಿ

ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಕಾಂಬೋಡಿಯಾದ ಸಿಯೆಮ್ ರೀಪ್, ಆಮೇಲೆ ವಿಯೆಟ್ನಾಂನ ಹನೋಯ್, ಮತ್ತೆ ಬ್ಯಾಂಕಾಕ್ ಮೇಲೆ ಮನೆಗೆ. ಆಫೀಸಿನಲ್ಲಿ 14 ದಿನ ರಜೆ ಸಿಕ್ಕಿದೆ. ನೋಡಲೇಬೇಕು ಅಂದುಕೊಂಡಿದ್ದಕ್ಕೆಲ್ಲ 8 ದಿನ ಸಾಕು. ಇನ್ನುಳಿದ ಆರು ದಿನ? ಮನೆಯಲ್ಲಿ ಜಗಳ ಶುರುವಾಗುವುದೇ ಇಲ್ಲಿ. ಒಬ್ಬರಿಗೆ ಫುಕೆಟ್ ಬೇಕು, ಇನ್ನೊಬ್ಬರಿಗೆ ಬಾಲಿ. ‘ಹೇಗೂ ಅಷ್ಟು ದೂರ ಹೋಗಿರ್ತೀವಲ್ಲ!’

ಇದೇ ಮಾತು ಕೇಳಿಕೊಂಡು ನಾವು ಒಂದು ಅಕ್ಟೋಬರ್‌ನಲ್ಲಿ ಹೋಯಿ ಆನ್‌ಗೆ ಹೋಗಿದ್ದೆವು. ಹನೋಯ್‌ನಲ್ಲಿ ಹಿತವಾದ ಬಿಸಿಲಿತ್ತು. ಒಂದೇ ದೇಶ ತಾನೇ, ಅಲ್ಲೂ ಹೀಗೇ ಇರುತ್ತೆ ಅಂದುಕೊಂಡು ಹೋಯಿ ಆನ್‌ಗೆ ಹತ್ತಿರದ ವಿಮಾನ ನಿಲ್ದಾಣವಿರುವ ಡಾ ನಾಂಗ್‌ಗೆ ವಿಮಾನ ಹತ್ತಿದೆವು. ಉತ್ತರ ವಿಯೆಟ್ನಾಂಗೆ ಅಕ್ಟೋಬರ್ ಒಳ್ಳೆಯ ತಿಂಗಳು, ಮಧ್ಯ ವಿಯೆಟ್ನಾಂಗೆ ಜಡಿಮಳೆಯ ತಿಂಗಳು ಅಂತ ಗೊತ್ತಾಗಿದ್ದು ನೆನೆದ ಮೇಲೆ. ಎರಡು ದಿನ ಹೋಮ್‌ಸ್ಟೇ ಜಗಲಿ ಬಿಟ್ಟು ಇಳಿಯಲಿಲ್ಲ. ಹೇರ್ ಡ್ರೈಯರ್ ಹಿಡಿದು ಎಲ್ಲರ ಸಾಕ್ಸ್ ಒಣಗಿಸುತ್ತಾ ಅಮ್ಮ ಅಂದಿದ್ದು ಇಷ್ಟೇ: ‘ಮಳೆ ನೋಡೋಕೆ ಆಗುಂಬೆ ಸಾಕಾಗಿತ್ತಲ್ಲೋ.’

ಮುಂದಿನ ಸಲ ಹೊರಡುವ ಮೊದಲು ಪೆನ್ನು ಹಿಡಿದು ಕೂತೆ. ಆಗ ಮಾಡಿದ ಲೆಕ್ಕ ಇದು.

ಮೊದಲು, ನಿಜವಾಗಿ ಎಷ್ಟು ದಿನ ಮಿಕ್ಕಿದೆ?

ಕ್ಯಾಲೆಂಡರ್‌ನ ಚೌಕ ಎಣಿಸಿದರೆ ಮೋಸ ಹೋಗುತ್ತೀರಿ. ಮೊದಲ ದಿನ ರಾತ್ರಿ ಹೊರಡುತ್ತೀರಿ, ಆ ದಿನ ಹೊಡೆದುಹಾಕಿ. ವಾಪಸ್ ಬರುವ ದಿನವನ್ನೂ ಹೊಡೆದುಹಾಕಿ. ಉಳಿದಿದ್ದು 12. ಬ್ಯಾಂಕಾಕ್‌ಗೆ ಹೆಚ್ಚುಕಮ್ಮಿ ನಾಲ್ಕು ಗಂಟೆ ಹಾರಾಟ, ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ರಾತ್ರಿ ವಿಮಾನ ಹತ್ತಿದರೆ ನಿದ್ದೆ ಕಣ್ಣಿಗೆ ಹತ್ತುವಷ್ಟರಲ್ಲಿ ಬೆಳಗು. ರೂಮು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಹೀಗೆ ಅರ್ಧ ದಿನ ಹೋಯಿತು. ಊರು ಬದಲಿಸುವುದು ಮೂರು ಸಲ, ಸಲಕ್ಕೆ ಅರ್ಧ ದಿನದಂತೆ ಒಂದೂವರೆ ದಿನ. ಕಳೆದರೆ 10. ಬೇಕಾದ್ದು 8. ಆರು ಅಂದುಕೊಂಡಿದ್ದು ಎರಡಕ್ಕೆ ಬಂದು ನಿಂತಿತು.

ಎರಡು ದಿನಕ್ಕೆ ಬಾಲಿನಾ? ಜಗಳ ತಾನಾಗಿಯೇ ನಿಲ್ಲುತ್ತದೆ.

ಆಮೇಲೆ, ಹೊಸ ಊರಿನ ಬೆಲೆ

ಬ್ಯಾಂಕಾಕ್‌ನಿಂದ ಸಿಯೆಮ್ ರೀಪ್‌ಗೆ ವಿಮಾನದಲ್ಲಿ ಒಂದೇ ಗಂಟೆ ಅನ್ನುತ್ತಾರೆ. ನಿಜವೇ. ಆದರೆ ಹೋಟೆಲ್ ಬಿಡುವುದು ಮೂರು ನಾಲ್ಕು ಗಂಟೆ ಮೊದಲು. ಇಳಿದ ಮೇಲೆ ಇಮಿಗ್ರೇಷನ್ ಸಾಲು. 2023ರಲ್ಲಿ ಶುರುವಾದ ಅಲ್ಲಿನ ಹೊಸ ವಿಮಾನ ನಿಲ್ದಾಣ ಪೇಟೆಯಿಂದ 40 ಕಿ.ಮೀ.ಗೂ ದೂರ. ‘ಒಂದು ಗಂಟೆ’ ಅಂದಿದ್ದು ಆರಾಯಿತು.

ಮಿಕ್ಕ ಎರಡು ದಿನಕ್ಕೆ ನಾಲ್ಕನೇ ಊರು ಸೇರಿಸಿದರೆ ಹೋಗಲು ಅರ್ಧ ದಿನ, ಬರಲು ಅರ್ಧ ದಿನ, ನೋಡಲು ಸಿಗುವುದು ಒಂದು ದಿನ. ಜೊತೆಗೆ ಇನ್ನೊಂದು ಕರೆನ್ಸಿ, ಇನ್ನೊಂದು ಸಲ ಬ್ಯಾಗು ಕಟ್ಟುವ ಕೆಲಸ. ಮೂರು ರಾತ್ರಿಯಾದರೂ ಇರಲು ಆಗದಿದ್ದರೆ ಹೊಸ ಊರು ಬೇಡ ಅನ್ನುವುದು ನನ್ನ ಪಕ್ಷ. ನನ್ನ ತಂಗಿ ಒಪ್ಪುವುದಿಲ್ಲ, ಅವಳಿಗೆ ಪಾಸ್‌ಪೋರ್ಟಿನಲ್ಲಿ ಮುದ್ರೆ ಜಾಸ್ತಿ ಬೇಕು.

ಬದಲಿಗೆ ಅದೇ ಹೋಟೆಲಿನಲ್ಲಿದ್ದು, ಬೆಳಗ್ಗೆ ಹೋಗಿ ಸಂಜೆ ಬರುವ ಜಾಗ ಹುಡುಕಿ. ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ ಅಯುತ್ಥಯ ಇದೆ. ಹೆಸರು ನಮ್ಮ ಅಯೋಧ್ಯೆಯಿಂದ ಬಂದಿದ್ದು. ನಾಲ್ಕು ನೂರು ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರನ್ನು 1767ರಲ್ಲಿ ಬರ್ಮಾದ ಸೈನ್ಯ ಹಾಳುಗೆಡವಿತು. ಮರದ ಬೇರುಗಳು ತಬ್ಬಿಕೊಂಡ ಬುದ್ಧನ ತಲೆಯ ಫೋಟೊ ನೋಡಿರುತ್ತೀರಿ, ಅದು ಇಲ್ಲಿನ ವಾಟ್ ಮಹಾಥಾಟ್‌ನಲ್ಲಿದೆ. ಫ್ಯಾನ್ ಇರುವ ಸಾದಾ ರೈಲಿನಲ್ಲಿ ಹೋದರೆ ಖರ್ಚು ಏನೂ ಅಲ್ಲ. ಹನೋಯ್‌ನಿಂದಾದರೆ ನಿನ್ ಬಿನ್, ದಕ್ಷಿಣಕ್ಕೆ ಸುಮಾರು 100 ಕಿ.ಮೀ. ಅಲ್ಲಿನ ಟಾಮ್ ಕಾಕ್‌ನಲ್ಲಿ ಅಂಬಿಗರು ಹಿಂದಕ್ಕೆ ಒರಗಿ ಕಾಲಿನಿಂದ ಹುಟ್ಟು ಹಾಕುತ್ತಾರೆ. ನನ್ನ ಮಗ ಈಗಲೂ ಸೋಫಾ ಮೇಲೆ ಕೂತು ಅದನ್ನು ಮಾಡಿ ತೋರಿಸುತ್ತಾನೆ.

ಮಿಕ್ಕ ದಿನ ಯಾವ ಊರಿಗೆ ಕೊಡಬೇಕು?

ಅವಸರ ಪಟ್ಟರೆ ಯಾವ ಊರು ಕೆಡುತ್ತದೋ ಅದಕ್ಕೆ. ಈ ಮೂರರಲ್ಲಿ ಅದು ಸಿಯೆಮ್ ರೀಪ್, ನನಗೆ ಅನುಮಾನವೇ ಇಲ್ಲ. ಅಲ್ಲಿಗೆ ಹೋಗುವುದೇ ಪಕ್ಕದ ಅಂಕೋರ್ ನೋಡಲು. ಅಂಕೋರ್ ಅಂದರೆ ಒಂದು ದೇವಸ್ಥಾನ ಅಲ್ಲ, ಹತ್ತಾರು ಕಿಲೋಮೀಟರ್ ಹರಡಿದ ಹಳೇ ರಾಜಧಾನಿ. ಟಿಕೆಟ್ ದರವೇ ದಾರಿ ತೋರಿಸುತ್ತದೆ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಆ ಮೂರು ದಿನ ಒಂದರ ಹಿಂದೆ ಒಂದು ಬರಬೇಕಿಲ್ಲ, ಹತ್ತು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಅಂದರೆ ನಡುವೆ ಕಾಲು ಚಾಚಿ ಮಲಗಲು ಅವಕಾಶ ಇದೆ. ಬಿಸಿಲಿನಲ್ಲಿ ಅಷ್ಟು ಮೆಟ್ಟಿಲು ಹತ್ತಿದ ಮೊಣಕಾಲು ಅದನ್ನು ಕೇಳಿಯೇ ಕೇಳುತ್ತದೆ.

ಒಂದೇ ದಿನ ಇದ್ದವರು ಅಂಕೋರ್ ವಾಟ್, ಬಾಯೊನ್, ತಾ ಪ್ರೋಮ್ ನೋಡಿ ಸುಸ್ತಾಗಿ ಬರುತ್ತಾರೆ. ಬಾಂತೆಯ್ ಸ್ರೇ ತಪ್ಪುತ್ತದೆ. ಪೇಟೆಯಿಂದ ಸುಮಾರು 35 ಕಿ.ಮೀ. ಇರುವ ಸಣ್ಣ ಶಿವ ದೇವಾಲಯ ಅದು. ಕ್ರಿ.ಶ. 967ರದ್ದು. ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಎಂಬ ಆಸ್ಥಾನದ ಪಂಡಿತ. ಗುಲಾಬಿ ಬಣ್ಣದ ಮರಳುಗಲ್ಲಿನಲ್ಲಿ ರಾವಣ ಕೈಲಾಸ ಅಲುಗಾಡಿಸುತ್ತಿದ್ದಾನೆ, ಕೆಳಗೆ ಪ್ರಾಣಿಗಳು ದಿಕ್ಕಾಪಾಲಾಗಿ ಓಡುತ್ತಿವೆ, ಮೇಲೆ ಪಾರ್ವತಿ ಶಿವನಿಗೆ ಆತುಕೊಂಡಿದ್ದಾಳೆ. ಹಳೇಬೀಡಿನಲ್ಲಿ ಇದೇ ಕೆತ್ತನೆಯ ಮುಂದೆ ನಿಂತವರು ಇಲ್ಲಿ ಬೇಗ ಕಾಲು ತೆಗೆಯಲಾರರು. ಅರ್ಧ ಗಂಟೆ ಅಂದುಕೊಂಡು ಹೋದ ನಾವು ಎರಡು ಗಂಟೆ ಇದ್ದೆವು.

ವಾರ, ತಿಂಗಳು, ವೀಸಾ

ಬ್ಯಾಂಕಾಕ್‌ನ ಚತುಚಕ್ ದೊಡ್ಡ ಸಂತೆ ಪೂರ್ತಿ ನಡೆಯುವುದು ಶನಿವಾರ, ಭಾನುವಾರ. ಹನೋಯ್‌ನ ಹೋ ಚಿ ಮಿನ್ ಸಮಾಧಿ ಭವನ ಸೋಮವಾರ, ಶುಕ್ರವಾರ ಮುಚ್ಚಿರುತ್ತದೆ, ಉಳಿದ ದಿನವೂ ಬೆಳಗ್ಗೆ ಮಾತ್ರ. ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ವಿಯೆಟ್ನಾಂ ಹೊಸ ವರ್ಷ ತೆತ್ ಬರುತ್ತದೆ. ಆಗ ಅಂಗಡಿಯವರೆಲ್ಲ ಊರಿಗೆ ಹೋಗಿರುತ್ತಾರೆ, ನಮ್ಮಲ್ಲಿ ದೀಪಾವಳಿಗೆ ಹೋದ ಹಾಗೆ. ತಿಂಗಳ ಮಳೆಯನ್ನು ದೇಶಕ್ಕಲ್ಲ, ಊರಿಗೆ ನೋಡಿ. ನಮ್ಮ ಸಾಕ್ಸ್ ನೆನಪಿರಲಿ.

ವೀಸಾದಲ್ಲಿ ಒಂದೇ ಮಾತು. ‘ಒಂದು ಸಲ ಪ್ರವೇಶ’ ಅಂತ ಬರೆದಿದ್ದರೆ ಎರಡು ದಿನಕ್ಕೆ ಪಕ್ಕದ ದೇಶಕ್ಕೆ ಹೋಗಿ ವಾಪಸ್ ಬರಲು ಆಗುವುದಿಲ್ಲ. ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ.

ಕೊನೆಗೆ, ಆ ದಿನವನ್ನು ಎಲ್ಲಿ ಇಡುವುದು?

ಹವಾಮಾನ ನಂಬಿದ ಕಾರ್ಯಕ್ರಮ ಮೊದಲು, ಖಾಲಿ ದಿನ ಅದರ ಬೆನ್ನಿಗೆ. ಹನೋಯ್‌ನಿಂದ ಹಾಲಾಂಗ್ ಕೊಲ್ಲಿಗೆ ಹೋಗುವವರು ಇದನ್ನು ಮರೆಯಬಾರದು. ಬಿರುಗಾಳಿ ಸೂಚನೆ ಬಂದರೆ ದೋಣಿ ಬಿಡುವುದಿಲ್ಲ. ಮನೆಗೆ ಹೊರಡುವ ಹಿಂದಿನ ದಿನಕ್ಕೆ ಅದನ್ನು ಇಟ್ಟುಕೊಂಡರೆ ಹೋಯ್ತು ಅಂತಲೇ. ಊಟದ ಕಡೆಗೂ ಗಮನ ಇರಲಿ. ಸಸ್ಯಾಹಾರಿಗಳಿಗೆ ವಿಯೆಟ್ನಾಂನಲ್ಲಿ ‘ಚಾಯ್’ ಬೋರ್ಡು ಕಂಡರೆ ಖುಷಿ, ಅದು ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. ಒಳಗೆ ಹೋಗಿ ಟೀ ಕೇಳಿದವನು ನಾನೇ.

ಮತ್ತೆ ಎಲ್ಲರನ್ನೂ ಒಂದು ಸಲ ಕೇಳಿ, ಚೀಟಿಯಲ್ಲಿ ಬರೆಸಿ. ನಮ್ಮ ಮನೆಯ ಚೀಟಿಗಳಲ್ಲಿ ಶಾಪಿಂಗ್ ಇತ್ತು, ಈಜುಕೊಳ ಇತ್ತು. ಅಮ್ಮನದರಲ್ಲಿ ‘ಒಂದಿನ ಸುಮ್ನೆ ಕೂತ್ಕೋಬೇಕು’ ಅಂತಿತ್ತು.

ಸಿಯೆಮ್ ರೀಪ್‌ನಲ್ಲಿ ಆ ದಿನ ಕೊಟ್ಟೆವು. ಬೆಳಗ್ಗೆ ಬಟ್ಟೆಯನ್ನೆಲ್ಲ ಕಿಲೋ ಲೆಕ್ಕದಲ್ಲಿ ಒಗೆಯಲು ಹಾಕಿದೆವು. ಅಮ್ಮ ಜಗಲಿಯಲ್ಲಿ ಕೂತು ರಂಬುಟಾನ್ ಸುಲಿದು ಸುಲಿದು ತಿಂದರು, ಮಧ್ಯಾಹ್ನ ಮಲಗಿದರು. ಮೂರು ಗಂಟೆಗೆ ಎದ್ದು ಮುಖ ತೊಳೆದುಕೊಂಡು, ‘ಆ ದೊಡ್ಡ ದೇವಸ್ಥಾನಕ್ಕೆ ಇನ್ನೊಂದು ಸಲ ಹೋಗೋಣ್ವಾ?’ ಅಂದರು. ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆ ಬಿಸಿಲು ನೇರ ಅದರ ಮೇಲೇ ಬೀಳುತ್ತದೆ. ಟಿಕೆಟ್‌ನಲ್ಲಿ ಇನ್ನೂ ಒಂದು ದಿನ ಬಾಕಿ ಇತ್ತು. ಟುಕ್‌ಟುಕ್ ಕರೆದೆವು.