ಸೋಲ್-ರಾಕ್ ಹಾಡಿಗೆ ಎರಡು ಗಿಟಾರ್: ನಾನು ರೆಕಾರ್ಡ್ ಮಾಡುವ ಬಗೆ

ಬೇರೆಯವರ ಆಲ್ಬಮ್‌ಗೆ ಗಿಟಾರ್ ನುಡಿಸುವಾಗ ನಾನು ಮೊದಲು ತೀರ್ಮಾನಿಸುವುದು ಎಲ್ಲೆಲ್ಲಿ ಸುಮ್ಮನಿರಬೇಕು ಎಂಬುದನ್ನು. ಡೆಟ್ರಾಯ್ಟ್‌ನ ಸೋಲ್ ಸಂಗೀತದ ರೆಕಾರ್ಡ್ ಕಂಪನಿ ಮೋಟೌನ್‌ನಲ್ಲಿ ಗಿಟಾರಿಸ್ಟರಾದ ರಾಬರ್ಟ್ ವೈಟ್, ಎಡ್ಡಿ ವಿಲ್ಲಿಸ್, ಜೋ ಮೆಸ್ಸಿನಾ ಮೂವರೂ ಒಂದೇ ಹಾಡಿಗೆ ಕೂತರೂ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ನಾಲ್ಕು ಬಡಿತದ ಆವರ್ತದಲ್ಲಿ ಸ್ನೇರ್ (ಚುರುಕಾಗಿ ಸಿಡಿಯುವ ಡ್ರಮ್) ಬೀಳುವ ಎರಡು ಮತ್ತು ನಾಲ್ಕನೇ ಬಡಿತ ಹೆಚ್ಚಾಗಿ ಮೆಸ್ಸಿನಾ ಪಾಲಿನದು.

ನಾನು ಒಂದು ಹಾಡಿಗೆ ನುಡಿಸುವ ಎರಡು ಗಿಟಾರ್ ಭಾಗಗಳಲ್ಲಿ ಮೊದಲನೆಯದಕ್ಕೂ ಅಷ್ಟೇ ಕೆಲಸ. ಇ ಮೇಜರ್ ಕಾರ್ಡ್ ಆದರೆ ತೆಳುವಾದ ಮೂರು ತಂತಿ ಮಾತ್ರ (ಎಣಿಕೆ ತೀರ ತೆಳುವಾದದ್ದರಿಂದ): ಮೂರನೆಯದು ಮತ್ತು ಎರಡನೆಯದು 9ನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ಒಂದನೆಯದು 7ರಲ್ಲಿ. ದಪ್ಪ ತಂತಿ ಮುಟ್ಟಿದರೆ ಬಾಸ್ ಮಸುಕಾಗುತ್ತದೆ. ಮೀಟಿದ ಕೂಡಲೇ ಎಡಗೈ ಬೆರಳು ಸಡಿಲಿಸಿ ನಾದ ಕತ್ತರಿಸಬೇಕು. ಏಟು ಸ್ನೇರ್‌ಗಿಂತ 10–15 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಹಾಡಿಗೆ ಒಂದು ತೂಕ ಬರುತ್ತದೆ. 30 ದಾಟಿದರೆ ಎರಡು ಏಟಾಗಿ ಕೇಳಿಸುತ್ತದೆ. 1965ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ ಗಾಯಕ ವಿಲ್ಸನ್ ಪಿಕೆಟ್‌ಗಾಗಿ ‘ಇನ್ ದ ಮಿಡ್‌ನೈಟ್ ಅವರ್’ ಮಾಡುವಾಗ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಕುಣಿದು ತೋರಿಸಿದ್ದು, ಗಿಟಾರಿಸ್ಟ್ ಸ್ಟೀವ್ ಕ್ರಾಪರ್ ಮತ್ತು ಡ್ರಮ್ಮರ್ ಅಲ್ ಜಾಕ್ಸನ್ ಹಿಡಿದದ್ದು ಈ ತಡೆದು ಬೀಳುವ ಬಡಿತವನ್ನೇ. ಕಂಪ್ಯೂಟರ್‌ನಲ್ಲಿ ಎಳೆದು ಕೂರಿಸಿದರೆ ಆ ತೂಕ ಬರುವುದಿಲ್ಲ. ಡ್ರಮ್ ಕೇಳಿಸಿಕೊಂಡೇ ನುಡಿಸಬೇಕು.

ಎರಡನೇ ಗಿಟಾರ್ ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಷ್ಟೇ ಮಾತಾಡಬೇಕು. ಇಲ್ಲಿ ಕ್ರಾಪರ್ ದಾರಿಯೇ ನನಗೆ ಮೆಚ್ಚು: ಮೂರು ಮತ್ತು ಒಂದನೇ ತಂತಿಯನ್ನು ಒಟ್ಟಿಗೆ ಮೀಟುವುದು. ಇ ಮೇಜರ್‌ನಲ್ಲಿ ಎರಡೂ 4ನೇ ಫ್ರೆಟ್, ಅಲ್ಲಿಂದ ಎರಡೂ 2ಕ್ಕೆ, ಆಮೇಲೆ ಮೂರನೆಯದು 1ಕ್ಕೆ ಇಳಿದು ಒಂದನೆಯದು ಖಾಲಿ. ಮೂರನೇ ತಂತಿಗೆ ಪಿಕ್, ಒಂದನೆಯದಕ್ಕೆ ನಡುಬೆರಳು. ನಡುವಿನ ತಂತಿಗೆ ಎಡಗೈ ಬೆರಳು ತಾಗಿರಲಿ, ಇಲ್ಲದಿದ್ದರೆ ಅದೂ ದನಿಗೂಡಿಸುತ್ತದೆ.

ಮೊದಲ ಗಿಟಾರ್‌ಗೆ ಆಂಪ್ ಬೇಡ. ಮೋಟೌನ್‌ನವರಂತೆ ನೇರವಾಗಿ ಒಳಕ್ಕೆ. ಇಂಟರ್‌ಫೇಸ್‌ನಲ್ಲಿ (ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಇನ್‌ಸ್ಟ್ರುಮೆಂಟ್ ಇನ್‌ಪುಟ್ ಆರಿಸಿ. ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್) ಮೇಲೆ ಹೊರೆ ಬಿದ್ದು ಮೇಲಿನ ನಾದ ಸತ್ತುಹೋಗುತ್ತದೆ, ಆಮೇಲೆ ಈಕ್ಯೂ (ನಾದದ ದಪ್ಪ-ತೆಳು ಭಾಗ ಹೊಂದಿಸುವ ಗುಂಡಿ) ಎಷ್ಟು ತಿರುಗಿಸಿದರೂ ಅದು ಮರಳುವುದಿಲ್ಲ. ಏಟಿನ ಶಿಖರ -12 ಡಿಬಿ ಆಸುಪಾಸು ಸಾಕು. ಸಿಂಗಲ್ ಕಾಯಿಲ್ ಪಿಕಪ್ ಗುಂಯ್‌ಗುಟ್ಟಿದರೆ ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಸದ್ದು ಇಳಿದೇ ಇಳಿಯುತ್ತದೆ. ಎರಡನೇ ಗಿಟಾರ್‌ಗೆ ಚಿಕ್ಕ ವಾಲ್ವ್ ಆಂಪ್, ಜಾಲರಿಯಿಂದ 2–3 ಸೆಂಟಿಮೀಟರ್ ದೂರದಲ್ಲಿ, ಸ್ಪೀಕರ್ ನಡುವಿನಿಂದ ತುಸು ಪಕ್ಕಕ್ಕೆ ಒಂದು ಡೈನಮಿಕ್ ಮೈಕ್.

ಎಷ್ಟು ಸರಿಯಾಗಿ ನುಡಿಸಿದರೂ ಟ್ರ್ಯಾಕ್ ಪ್ರತಿ ಸಲ ಒಂದೇ ಅಳತೆಯಲ್ಲಿ ಹಿಂದೆ ಬೀಳುತ್ತಿದ್ದರೆ ಕೈಯನ್ನು ದೂರಬೇಡಿ. ಇಂಟರ್‌ಫೇಸ್‌ನ ಔಟ್‌ಪುಟ್ಟನ್ನು ಕೇಬಲ್‌ನಿಂದ ಅದರ ಇನ್‌ಪುಟ್‌ಗೇ ಜೋಡಿಸಿ ಒಂದು ಕ್ಲಿಕ್ ರೆಕಾರ್ಡ್ ಮಾಡಿ. ಮೂಲ ಕ್ಲಿಕ್‌ಗೂ ಇದಕ್ಕೂ ಇರುವ ಅಂತರವನ್ನು ಸ್ಯಾಂಪಲ್‌ನಲ್ಲಿ (ಡಿಜಿಟಲ್ ದನಿಯ ಅತಿ ಸಣ್ಣ ತುಣುಕು) ಅಳೆದು ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ತುಂಬಿ. ಹತ್ತು ಮಿಲಿಸೆಕೆಂಡಿನ ಮೇಲೆ ನಿಂತ ಸಂಗೀತಕ್ಕೆ ಇದು ಸಣ್ಣ ವಿಷಯವಲ್ಲ.

ಮಿಕ್ಸ್‌ನಲ್ಲಿ 120 ಹರ್ಟ್ಸ್ ಕೆಳಗಿನದೆಲ್ಲ ಕತ್ತರಿಸಿ, 300ರ ಸುತ್ತ 2–3 ಡಿಬಿ ಇಳಿಸುತ್ತೇನೆ. ಕಂಪ್ರೆಸರ್ (ಜೋರು-ಮೆದು ನಾದದ ಅಂತರ ಕುಗ್ಗಿಸುವ ಸಾಧನ) 4:1, ಅಟ್ಯಾಕ್ (ಅದು ಹಿಡಿಯಲು ತೆಗೆದುಕೊಳ್ಳುವ ಸಮಯ) 25 ಮಿಲಿಸೆಕೆಂಡ್. ಅದಕ್ಕಿಂತ ತೀರ ಬೇಗ ಹಿಡಿದರೆ ಪಿಕ್ ತಾಗುವ ಸದ್ದೇ ಹೋಗುತ್ತದೆ. ಎರಡು ಗಿಟಾರ್ ಎಡಬಲಕ್ಕೆ ಹಂಚಿದ ಮೇಲೆ ಮೋನೊದಲ್ಲಿ (ಎಡಬಲ ಒಂದಾಗಿಸಿ) ಕೇಳಿ. ಎರಡನೆಯದು ಮುಚ್ಚಿಹೋದರೆ ವಾಲ್ಯೂಮ್ ಏರಿಸದೆ, ಆರ್ಗನ್ ಅಥವಾ ಪಿಯಾನೊ ಇಲ್ಲದ ಸ್ಥಾಯಿಗೆ ಸರಿಸಿ ಮತ್ತೆ ನುಡಿಸಿ.