ಸೌಂಡ್‌ಬಾರ್ ತರುವ ಮುಂಚೆ ಟಿವಿಯ ಬೆನ್ನು ನೋಡಿ

ಸೌಂಡ್‌ಬಾರ್, ಅಂದರೆ ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಕೊಳ್ಳಲು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಟಿವಿ ತಿರುಗಿಸಿ, ಹಿಂದಿರುವ ಪೋರ್ಟ್‌ಗಳ ಫೋಟೋ ತೆಗೆದುಕೊಳ್ಳಿ.

ಯಾವುದಾದರೂ ಎಚ್‌ಡಿಎಂಐ (ಚಿತ್ರ, ಸದ್ದು ಎರಡೂ ಸಾಗುವ ಪೋರ್ಟ್) ಪಕ್ಕ 'ಎಆರ್‌ಸಿ' (ARC) ಅಂತ ಬರೆದಿದೆಯಾ? ಟಿವಿಯ ಸದ್ದನ್ನು ಅದೇ ಪೋರ್ಟಿನಿಂದ ಬಾರ್‌ಗೆ ಕಳಿಸುವ ಸೌಲಭ್ಯ ಅದು. ಹಾಗಿದ್ದರೆ ಎಆರ್‌ಸಿ ಇರುವ ಬಾರನ್ನೇ ಕೇಳಿ. ಒಂದೇ ಕೇಬಲ್‌ನಲ್ಲಿ ಸೆಟ್‌ಟಾಪ್ ಬಾಕ್ಸ್, ಯೂಟ್ಯೂಬ್ ಎಲ್ಲದರ ಸದ್ದೂ ಬಾರ್‌ಗೆ ಹೋಗುತ್ತದೆ, ಟಿವಿ ಸೆಟ್ಟಿಂಗ್‌ನಲ್ಲಿ ಸಿಇಸಿ (CEC, ಒಂದೇ ರಿಮೋಟಿನಲ್ಲಿ ಎರಡನ್ನೂ ನಡೆಸುವ ಸೌಲಭ್ಯ) ಆನ್ ಮಾಡಿದರೆ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಏರಿಸಬಹುದು, ಮನೆಯ ಹಿರಿಯರಿಗೆ ಇದು ದೊಡ್ಡ ಅನುಕೂಲ. ಎಆರ್‌ಸಿ ಇಲ್ಲದಿದ್ದರೆ ಆಪ್ಟಿಕಲ್ (ಬೆಳಕಿನ ಮೂಲಕ ಸದ್ದು ಕಳಿಸುವ ಕೇಬಲ್‌ನ ಪೋರ್ಟ್) ಇದೆಯಾ ನೋಡಿ. ಬರೀ ಬ್ಲೂಟೂತ್ ನಂಬಿ ತರಬೇಡಿ. ನಾನು ಮೊದಲು ಹಾಗೇ ತಂದಿದ್ದೆ, ಧಾರಾವಾಹಿಯಲ್ಲಿ ತುಟಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಅವ್ವ ಎರಡೇ ದಿನಕ್ಕೆ ಬೇಡ ಅಂದರು.

ಇನ್ನು ವ್ಯಾಟ್. ಡಬ್ಬಿಯ ಮೇಲೆ ದಪ್ಪಕ್ಷರದ ಪಿಎಂಪಿಒ (PMPO, ಕ್ಷಣಮಾತ್ರದ ಉಬ್ಬಿಸಿದ ಅಂಕಿ) ಲೆಕ್ಕ ಬಿಡಿ, ಆರ್‌ಎಂಎಸ್ (RMS, ಸತತವಾಗಿ ಕೊಡುವ ಶಕ್ತಿ) ಎಷ್ಟು ಅಂತ ಕೇಳಿ. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 60ಕ್ಕೂ 80ಕ್ಕೂ ನಡುವೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

2.0 ಅಂದರೆ ಬಾರ್ ಮಾತ್ರ, 2.1 ಅಂದರೆ ಜೊತೆಗೆ ಸಬ್‌ವೂಫರ್, ಅಂದರೆ ದಪ್ಪ ಬೇಸ್ ಸದ್ದಿಗೆ ಬೇರೆ ಡಬ್ಬಿ. ಹಾಡು, ಸಿನಿಮಾ ಜಾಸ್ತಿ ಅಂದರೆ 2.1 ಒಳ್ಳೆಯದು. ಆದರೆ ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ದಿನವಿಡೀ ಕೂಲರ್ ಗರ್ ಅನ್ನುತ್ತಿರುತ್ತದೆ ಅಲ್ವಾ, ಆಗ ಬೇಕಾಗುವುದು ಗುಡುಗಲ್ಲ, ಮಾತು ಸ್ಪಷ್ಟವಾಗಿ ಕೇಳುವುದು. ಅದಕ್ಕೇ ವಾಯ್ಸ್ ಅಥವಾ ನ್ಯೂಸ್ ಮೋಡ್ ಇದೆಯಾ ನೋಡಿ, ಅಂಗಡಿಯಲ್ಲಿ ಹಾಡಿನ ಬದಲು ವಾರ್ತೆ ಹಾಕಿಸಿ ಕೇಳಿ.

ಮನೆಗೆ ತಂದ ಮೇಲೆ ಬಾರನ್ನು ಶೆಲ್ಫಿನ ಒಳಗೆ ತುರುಕಬೇಡಿ. ಟಿವಿ ಕೆಳಗೆ, ಮೇಜಿನ ಮುಂದಿನ ಅಂಚಿಗೆ ಇಡಿ. ಟಿವಿಯ ರಿಮೋಟ್ ಸೆನ್ಸರ್ ಮುಚ್ಚದಂತೆ ನೋಡಿಕೊಳ್ಳಿ. ನೆಲ ಶಹಾಬಾದ್ ಕಲ್ಲಿನದಾಗಿದ್ದು ಗೋಡೆಗಳೂ ಬರಿದಾಗಿದ್ದರೆ ಸದ್ದು ಬಡಿದು ವಾಪಸ್ ಬಂದು ಮಾತು ಕಲಸಿಹೋಗುತ್ತದೆ. ಬಾರ್ ಮುಂದೆ ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ, ಕೇಳುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಬೇಸ್ ದಮದಮ ಅನ್ನುತ್ತದೆ, ಒಂದೆರಡು ಅಡಿ ಈಚೆ ಎಳೆಯಿರಿ.

ಎಲ್ಲಾ ಸರಿಯಾಗಿ ಸಿಕ್ಕಿಸಿದರೂ ಸದ್ದೇ ಬರದಿದ್ದರೆ ಗಾಬರಿಯಾಗಬೇಡಿ. ಆಪ್ಟಿಕಲ್ ಕೇಬಲ್ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದಿದ್ದೀರಾ ನೋಡಿ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು 'ಪಿಸಿಎಂ' (PCM, ಬಿಡಿಸಬೇಕಿಲ್ಲದ ಸಾದಾ ಡಿಜಿಟಲ್ ಸದ್ದು) ಮಾಡಿ, ಏಕೆಂದರೆ ಕಡಿಮೆ ಬೆಲೆಯ ಎಷ್ಟೋ ಬಾರ್‌ಗಳಿಗೆ ಡಾಲ್ಬಿ ಎಂಬ ಅಡಕ ಮಾಡಿದ ಸದ್ದನ್ನು ಬಿಡಿಸಿಕೊಳ್ಳಲು ಬರುವುದಿಲ್ಲ.