ಸ್ಪಾರ್ಕ್ ಮಷಿನ್‌ನಲ್ಲಿ ಆರ್ಕ್ ತಡೆದ ಬಗೆ: ನನ್ನ ಅನುಭವ

ಸ್ಪಾರ್ಕ್ ಮಷಿನ್ ಎಂದರೆ ವಿದ್ಯುತ್ ಕಿಡಿಗಳಿಂದ ಲೋಹ ಕೊರೆಯುವ ಯಂತ್ರ. ಬೆಂಗಳೂರಿನ ಪೀಣ್ಯದಲ್ಲಿ ಮೋಲ್ಡ್ (ಅಚ್ಚು) ತಯಾರಿಸುವ ಟೂಲ್ ರೂಮ್‌ಗಳಲ್ಲಿ ಕಿರಿದಾದ ಆಳದ ರಿಬ್, ಅಂದರೆ ಮೋಲ್ಡ್‌ನಲ್ಲಿ ಕೊರೆಯುವ ತೆಳು ಸೀಳು, ಎಂದರೆ ಆಪರೇಟರ್‌ಗಳಿಗೆ ಚಿಂತೆ. ನನ್ನ ಕೈಗೆ ಬಂದ ಪ್ಲಾಸ್ಟಿಕ್ ಮೋಲ್ಡ್‌ನ ರಿಬ್ ಒಂದು ಮಿ.ಮೀ. ಅಗಲ, 25 ಮಿ.ಮೀ. ಆಳದ್ದು. ಅರ್ಧ ಆಳ ಇಳಿಯುವಷ್ಟರಲ್ಲಿ ಆರ್ಕ್ ಹೊಡೆದು (ಕಿಡಿ ಒಂದೇ ಕಡೆ ನಿಂತು ಸುಟ್ಟು), ಕಿಡಿ ಹಾರಿಸುವ ತಾಮ್ರದ ಎಲೆಕ್ಟ್ರೋಡ್‌ನ ತುದಿ ಸುಟ್ಟು ಕರಿ ಗಂಟಾಗಿತ್ತು.

ಎಣ್ಣೆಯಲ್ಲಿ ಮುಳುಗಿದ ಜಾಬ್‌ಗೂ (ಕೊರೆಯಬೇಕಾದ ಲೋಹದ ತುಂಡಿಗೂ) ಎಲೆಕ್ಟ್ರೋಡ್‌ಗೂ ನಡುವೆ ಕೂದಲೆಳೆಗಿಂತ ಕಿರಿದಾದ ಸಂದು. ಅಲ್ಲಿ ಎಣ್ಣೆಯ ತಡೆ ಮುರಿದು ಕಿಡಿ ಹಾರಿದಾಗ ಲೋಹ ಕರಗುತ್ತದೆ, ಸುತ್ತ ಅನಿಲದ ಗುಳ್ಳೆ ಏಳುತ್ತದೆ. ಕರೆಂಟ್ ನಿಂತೊಡನೆ ಗುಳ್ಳೆ ಕುಸಿದು, ಕರಗಿದ ಲೋಹದ ಒಂದಿಷ್ಟು ಭಾಗ ಹೊರಗೆ ಚಿಮ್ಮುತ್ತದೆ. ಮುಂದಿನ ಕಿಡಿಗೆ ಮೊದಲು ಆ ಜಾಗದ ಎಣ್ಣೆ ಮತ್ತೆ ನಿರೋಧಕವಾಗಬೇಕು. ಕಬ್ಬಿಣದ ಪುಡಿ, ಎಣ್ಣೆ ಸುಟ್ಟ ಇಂಗಾಲ ಅಲ್ಲೇ ಉಳಿದರೆ ಕಿಡಿಗಳೆಲ್ಲ ಅದೇ ದಾರಿ ಹಿಡಿಯುತ್ತವೆ. ಆರ್ಕ್ ಆಗುವುದು ಹಾಗೆ.

ಮೊದಲು ಜಾಬ್‌ಗೆ ಅಂಟಿದ್ದ ಕರಿಯನ್ನು ಸಣ್ಣ ಕಲ್ಲಿನಿಂದ ಪೂರ್ತಿ ಉಜ್ಜಿ ತೆಗೆದೆ. ಚುಕ್ಕೆಯಷ್ಟು ಬಿಟ್ಟರೂ ಆರ್ಕ್ ಅಲ್ಲಿಯೇ ಮರಳಿ ಹೊಡೆಯುತ್ತದೆ. ಎಲೆಕ್ಟ್ರೋಡ್‌ನ ತುದಿಯನ್ನು ಹೊಸದಾಗಿ ಮಟ್ಟ ಮಾಡಿದೆ. ಕರೆಂಟ್ ಇಳಿಸಿ, ಆನ್ ಟೈಮ್ (ಕಿಡಿ ಉರಿಯುವ ಹೊತ್ತು) ಕಡಿಮೆ ಮಾಡಿ, ಆಫ್ ಟೈಮ್ (ಎರಡು ಕಿಡಿಗಳ ನಡುವಿನ ಬಿಡುವು) ಹೆಚ್ಚಿಸಿದೆ. ಆಫ್ ಟೈಮ್ ಹೆಚ್ಚಿಸಿದರೆ ಕೆಲಸ ನಿಧಾನ ಎಂದು ಹಲವರು ಅದಕ್ಕೆ ಕೈ ಹಚ್ಚುವುದಿಲ್ಲ. ಆಳದ ರಿಬ್‌ನಲ್ಲಿ ಸಮಯ ಉಳಿಸುವುದೇ ಅದು ಎಂಬುದು ನನ್ನ ದೃಢ ಅಭಿಪ್ರಾಯ.

ಇಷ್ಟು ತೆಳುವಾದ ಎಲೆಕ್ಟ್ರೋಡ್‌ನಲ್ಲಿ ಫ್ಲಶಿಂಗ್ ತೂತು (ಎಣ್ಣೆ ಹಾಯಿಸಿ ಕಸ ತೊಳೆಯುವ ತೂತು) ಕೊರೆಯಲಾಗದು. ಪಕ್ಕದಿಂದ ಜೋರಾಗಿ ಎಣ್ಣೆ ಹಾಯಿಸಿದರೆ ಕಸವೆಲ್ಲ ಎದುರು ಬದಿಗೆ ಸೇರಿ, ಅಲ್ಲಿ ಹೆಚ್ಚುವರಿ ಕಿಡಿ ಹಾರಿ ಗೋಡೆ ಓರೆಯಾಗುತ್ತದೆ. ಆದ್ದರಿಂದ ಹಾಯಿಸುವಿಕೆಯನ್ನು ಮೆಲ್ಲಗೆ ಇಟ್ಟು, ಎಲೆಕ್ಟ್ರೋಡ್ ಹಿಡಿದ ಹೆಡ್ ಆಗಾಗ ಮೇಲೆದ್ದು ಇಳಿಯುವ ಜಂಪ್‌ನ ಎತ್ತರವನ್ನು ಆಳಕ್ಕೆ ತಕ್ಕಂತೆ ಹೆಚ್ಚಿಸುತ್ತಾ ಹೋದೆ. ಪ್ರತಿ ಇಳಿತದಲ್ಲೂ ಎಲೆಕ್ಟ್ರೋಡ್ ಪಿಸ್ಟನ್‌ನಂತೆ ಹಳೆಯ ಎಣ್ಣೆಯನ್ನು ತಳ್ಳಿ ಹಾಕುತ್ತದೆ. ಹಾಗೆಂದು ಕಸ ಸ್ವಲ್ಪವೂ ಇರಬಾರದೆಂದಲ್ಲ: ಹೊಚ್ಚ ಹೊಸ ಎಣ್ಣೆಯಲ್ಲಿ ಕಿಡಿ ಶುರುವಾಗುವುದು ಕಷ್ಟ, ತುಸು ಪುಡಿ ಬೆರೆತ ಮೇಲೆ ಹದ ಬರುತ್ತದೆ.

ಸೋವಿಯತ್ ದಂಪತಿ ಬೋರಿಸ್ ಮತ್ತು ನಟಾಲಿಯಾ ಲಾಜರೆಂಕೊ ಕಿಡಿಯಿಂದಾಗುವ ಸ್ವಿಚ್ ಸಂಪರ್ಕಗಳ ಸವೆತ ತಡೆಯಲು ಹೊರಟು, ಆ ಸವೆತವನ್ನೇ 1943ರಲ್ಲಿ ಯಂತ್ರಗಾರಿಕೆಗೆ ಬಳಸಿ ಈ ವಿಧಾನಕ್ಕೆ ದಾರಿ ಮಾಡಿದರು. ಅವರ ಮೇಲೆ ನನಗೆ ಅಪಾರ ಗೌರವ.

ಕೆಲಸ ನಡೆಯುವಾಗ ನಾನು ಕಿವಿ ಅಲ್ಲೇ ಇಡುತ್ತೇನೆ. ಸರಿಯಾದ ಕಿಡಿಗೆ ಚಟಪಟ ಸದ್ದು ಒಂದೇ ಸಮನೆ ಇರುತ್ತದೆ, ಗುಳ್ಳೆ ಎಲ್ಲ ಕಡೆಯಿಂದ ಏಳುತ್ತದೆ. ಸದ್ದು ಮಂದವಾಗಿ, ಒಂದೇ ಮೂಲೆಯಿಂದ ದಟ್ಟ ಹೊಗೆ ಬಂದು, ವೋಲ್ಟ್‌ಮೀಟರ್ ಮುಳ್ಳು ಕೆಳಗೆ ಬಿದ್ದು ನಿಂತರೆ ತಕ್ಷಣ ಹೆಡ್ ಎತ್ತಬೇಕು. ಎಣ್ಣೆಯ ಮಟ್ಟ ಜಾಬ್‌ಗಿಂತ ಕನಿಷ್ಠ 50 ಮಿ.ಮೀ. ಮೇಲಿರಲಿ; ಮೇಲ್ಮೈ ಹತ್ತಿರ ಹಾರಿದ ಕಿಡಿ ಎಣ್ಣೆಯ ಆವಿಗೆ ಬೆಂಕಿ ಹಚ್ಚಬಲ್ಲದು. ಎಣ್ಣೆಯ ಮಟ್ಟ ಇಳಿದರೆ ಮಷಿನ್ ನಿಲ್ಲಿಸುವ ಫ್ಲೋಟ್ ಸ್ವಿಚ್‌ಗೆ ಬಟ್ಟೆ ತುರುಕಿ ಮಷಿನ್ ಓಡಿಸುವವರನ್ನು ನಾನು ಎಂದೂ ಒಪ್ಪಿಲ್ಲ.